8 ವಾಟ್ ಸಾಕಾ?

ಒಂದೇ 300ಬಿ ವಾಲ್ವ್‌ನ ಸಿಂಗಲ್ ಎಂಡೆಡ್ ಆಂಪ್ಲಿಫೈಯರ್ ಕೊಡೋದು ಸುಮಾರು 8 ವಾಟ್. 1959ರ ಡೈನಾಕೋ ಸ್ಟೀರಿಯೋ 70 ನೋಡಿ: ಪ್ರತಿ ಚಾನೆಲ್‌ಗೆ ಎರಡು ಇಎಲ್34 ವಾಲ್ವ್, ಪುಷ್-ಪುಲ್, 35 ವಾಟ್. ಹಾಗಂತ ಎರಡನೆಯದೇ ಮೇಲು ಅಂತ ತೀರ್ಮಾನಿಸಬೇಡಿ. ಮೊದಲು ನಿಮ್ಮ ಸ್ಪೀಕರ್‌ನ ಸೆನ್ಸಿಟಿವಿಟಿ, ಅಂದರೆ 1 ವಾಟ್‌ಗೆ ಅದು ಎಷ್ಟು ಜೋರಾಗಿ ನುಡಿಯುತ್ತೆ ಅಂತ ತಿಳ್ಕೊಳ್ಳಿ.

ಬಿಬಿಸಿ ರೂಪಿಸಿದ ಪುಟ್ಟ ಸ್ಪೀಕರ್ ಎಲ್‌ಎಸ್3/5ಎ ಸುಮಾರು 83 ಡೆಸಿಬಲ್. ದೊಡ್ಡ ಹಾರ್ನ್ ಸ್ಪೀಕರ್ ಕ್ಲಿಪ್ಶ್‌ಹಾರ್ನ್ 100 ದಾಟುತ್ತೆ. ಹಾರ್ನ್‌ಗೆ 1 ವಾಟ್ ಸಾಕಾದ ಕಡೆ, ಅಷ್ಟೇ ಜೋರಿಗೆ ಆ ಪುಟ್ಟ ಪೆಟ್ಟಿಗೆಗೆ 50 ವಾಟಾದರೂ ಬೇಕು!

ವಾಟ್ ಲೆಕ್ಕ ಹಾಕಿ ಓಮ್ ಮರೆಯೋರೇ ಜಾಸ್ತಿ. 8 ಓಮ್ ಅಂತ ಬರೆದಿದ್ದರೂ ಕೆಲವು ಸ್ಪೀಕರ್‌ಗಳ ಓಮ್ ಬಾಸ್‌ನಲ್ಲಿ 30ಕ್ಕೆ ಏರಿ, ಮೇಲಿನ ಸ್ವರಗಳಲ್ಲಿ 4ಕ್ಕೆ ಇಳಿಯುತ್ತೆ. ಫೀಡ್‌ಬ್ಯಾಕ್ ಇಲ್ಲದ ಸಿಂಗಲ್ ಎಂಡೆಡ್ ಆಂಪ್‌ನಲ್ಲಿ ಆ ಏರಿಳಿತವೆಲ್ಲ ಕಿವಿಗೆ ಬೀಳುತ್ತೆ. ಮೃದಂಗದ ತೊಪ್ಪಿ ಊದಿಕೊಂಡಂತೆ ಕೇಳುತ್ತೆ. ಅಂಥ ಸ್ಪೀಕರ್‌ಗೆ ಫೀಡ್‌ಬ್ಯಾಕ್ ಇರೋ ಪುಷ್-ಪುಲ್ಲೇ ಸರಿ. ಆಂಪ್‌ನ 4 ಓಮ್, 8 ಓಮ್ ಟ್ಯಾಪ್‌ಗಳಿಗೆ ಒಂದಾದ ಮೇಲೊಂದರಂತೆ ಸ್ಪೀಕರ್ ಹಾಕಿ ಕೇಳಿ.

ಒಳ್ಳೆ ಹಾರ್ನ್ ಇದ್ಯಾ? ನನ್ನ ಕೇಳಿದರೆ 300ಬಿನೇ. ಹಾಡುವ ದನಿ ಅದರಲ್ಲಿ ಅಷ್ಟು ಹತ್ತಿರ ಬರುತ್ತೆ.

ಯಾವ ಆಂಪ್ ಆದರೂ, ಸ್ಪೀಕರ್ ವೈರ್ ಬದಲಿಸೋ ಮುಂಚೆ ಅದನ್ನ ಆಫ್ ಮಾಡಿ. ಸ್ಪೀಕರ್ ಜೋಡಿಸದೆ ವಾಲ್ವ್ ಆಂಪ್‌ನಲ್ಲಿ ಹಾಡು ಹಾಕಿದರೆ ಔಟ್‌ಪುಟ್ ಟ್ರಾನ್ಸ್‌ಫಾರ್ಮರ್ ಸುಟ್ಟುಹೋಗಬಹುದು.