ತ್ರೀ ನಾಟ್ ತ್ರೀ: ಮುದ್ರೆ ಹೇಳುವುದೇನು, ಜನ ನಂಬಿರುವುದೇನು

ಠಾಣೆಯ ಮುಂದಿನ ಪಹರೆಯವರ ಹೆಗಲಲ್ಲೋ ಎನ್‌ಸಿಸಿ ಕ್ಯಾಂಪಿನಲ್ಲೋ ನಮ್ಮಲ್ಲಿ ಬಹಳ ಮಂದಿ ಮೊದಲು ಕಂಡ ರೈಫಲ್ ‘ತ್ರೀ ನಾಟ್ ತ್ರೀ’, ಅಂದರೆ .303 ಲೀ-ಎನ್‌ಫೀಲ್ಡ್. 1895ರಲ್ಲಿ ಬ್ರಿಟಿಷ್ ಸೇನೆಗೆ ಸೇರಿ, ಎರಡು ಮಹಾಯುದ್ಧ ಕಂಡ ಈ ಆಯುಧಕ್ಕೆ ಉತ್ತರ ಪ್ರದೇಶದ ಪೊಲೀಸರು ಬೀಳ್ಕೊಡುಗೆ ಕೊಟ್ಟದ್ದು 2020ರ ಗಣರಾಜ್ಯೋತ್ಸವದಂದು. ಬ್ರಿಟನ್, ಅಮೆರಿಕ, ಕೆನಡಾಗಳ ಸಂಗ್ರಾಹಕರು ಇದನ್ನು ಹುಡುಕಿಕೊಂಡು ಹೋಗಿ ಕೊಳ್ಳುತ್ತಾರೆ. ಬಂಗಾಳದ ಈಶಾಪುರ ಕಾರ್ಖಾನೆಯಲ್ಲಿ ತಯಾರಾದವುಗಳ ಮೇಲೆ ಪ್ರತ್ಯೇಕ ಅಭಿಮಾನ ಇಟ್ಟುಕೊಂಡವರೂ ಇದ್ದಾರೆ. ಇದರ ಸುತ್ತ ಬೆಳೆದ ತಪ್ಪು ಕಲ್ಪನೆಗಳಲ್ಲಿ ಕೆಲವು ದುಡ್ಡು ಕಳೆಯುತ್ತವೆ, ಕೆಲವು ಪೊಲೀಸ್ ಕೇಸಿನವರೆಗೂ ಒಯ್ಯುತ್ತವೆ.

ಕಿರೀಟದ ಮುದ್ರೆ ಇದ್ದರೆ ಅಸಲಿ ಎಂಬುದು ಎಲ್ಲಕ್ಕಿಂತ ಹಳೆಯ ನಂಬಿಕೆ. ಬೋಲ್ಟ್ ಹಿಡಿಯ ಕೆಳಗೆ, ಬಲಬದಿಯ ಉಕ್ಕಿನ ಮೇಲೆ ನೋಡಿ: ಕಿರೀಟ, ರಾಜನ ಹೆಸರಿನ ಅಕ್ಷರಗಳು, ಕಾರ್ಖಾನೆಯ ಹೆಸರು, ಇಸವಿ, ಮಾದರಿ ಒಂದರ ಕೆಳಗೊಂದು ಇರುತ್ತವೆ. ಈಗಿನ ಪಾಕಿಸ್ತಾನದ ದರ್ರಾ ಆದಮ್ ಖೇಲ್‌ನ ಕಸುಬುದಾರರು ತಲೆಮಾರುಗಳಿಂದ ಈ ರೈಫಲ್ಲಿನ ನಕಲು ಮಾಡುತ್ತ ಬಂದವರು. ಮುದ್ರೆಯನ್ನೂ ಬಿಡದೆ ನಕಲು ಮಾಡುತ್ತಾರೆ. ಅಂಥವುಗಳಲ್ಲಿ ವಿಕ್ಟೋರಿಯಾ ರಾಣಿಯ ‘ವಿ.ಆರ್.’ ಅಕ್ಷರಗಳ ಕೆಳಗೆ 1910ರ ಆಚಿನ ಇಸವಿ ಇರುವುದುಂಟು, ಎನ್‌ಫೀಲ್ಡ್ ಹೆಸರಿನ ಇಂಗ್ಲಿಷ್ ‘ಎನ್’ ತಿರುವುಮುರುವಾಗಿರುವುದುಂಟು. ರಾಣಿ ತೀರಿಕೊಂಡದ್ದು 1901ರಲ್ಲಿ. ಆ ನಕಲುಗಳ ಉಕ್ಕಿಗೆ ಯಾರೂ ಖಾತ್ರಿ ಕೊಡಲಾರರು. ಅವನ್ನು ಹಾರಿಸುವುದು ಜೀವಕ್ಕೇ ಅಪಾಯ. ಈಶಾಪುರದ ಅಸಲಿಯಲ್ಲಿ ಬ್ರಿಟಿಷರ ಕಾಲದಲ್ಲಿ ‘ಜಿ.ಆರ್.ಐ.’ ಎಂದಿರುತ್ತದೆ, ಕೊನೆಯ ಅಕ್ಷರ ಚಕ್ರವರ್ತಿ ಪದವಿಯದು. ಸ್ವಾತಂತ್ರ್ಯದ ನಂತರ ಕಿರೀಟ ಹೋಗಿ ಅಶೋಕನ ಸಿಂಹಗಳೂ ‘ಆರ್.ಎಫ್.ಐ.’ ಅಕ್ಷರಗಳೂ ಬಂದವು. ಅಕ್ಷರ, ಇಸವಿ, ಕಾರ್ಖಾನೆ ಮೂರೂ ಒಂದಕ್ಕೊಂದು ತಾಳೆಯಾದರೆ ಮಾತ್ರ ನಂಬಬೇಕು.

ಈಶಾಪುರದ 7.62 ಮಿ.ಮೀ. ರೈಫಲ್ (2ಎ, 2ಎ1) ಹಳೆಯ .303ರ ನಳಿಗೆ ಕೊರೆದು ಮಾಡಿದ್ದು ಎಂದು ಅನೇಕರು ಬರೆಯುತ್ತಾರೆ. .303 ಇಂಚು ಎಂದರೆ 7.7 ಮಿ.ಮೀ. ಕೊರೆದರೆ ರಂಧ್ರ ದೊಡ್ಡದಾಗುತ್ತದೆಯೇ ಹೊರತು 7.62ಕ್ಕೆ ಇಳಿಯುವುದು ಹೇಗೆ? 1962ರ ಚೀನಾ ಯುದ್ಧದ ನಂತರದ ವರ್ಷಗಳಲ್ಲಿ ಹೆಚ್ಚು ಗಟ್ಟಿಯಾದ ಉಕ್ಕಿನಿಂದ, 12 ಗುಂಡಿನ ಚೌಕನೆಯ ಮ್ಯಾಗಜೀನ್‌ನೊಂದಿಗೆ ಹೊಸದಾಗಿಯೇ ತಯಾರಿಸಿದ ರೈಫಲ್ ಅದು. ನಮ್ಮ ಕಾರ್ಖಾನೆಯ ಆ ಕೆಲಸಕ್ಕೆ ಸಲ್ಲಬೇಕಾದ ಮನ್ನಣೆ ಈ ಒಂದು ತಪ್ಪಿನಿಂದ ತಪ್ಪಿಹೋಗಿದೆ.

ಕೆಲವು ರೈಫಲ್‌ಗಳ ಮುಂಭಾಗಕ್ಕೆ ತಂತಿ ಬಿಗಿಯಾಗಿ ಸುತ್ತಿರುತ್ತದೆ. ಮುರಿದದ್ದನ್ನು ಕಟ್ಟಿದ್ದಾರೆಂದು ತಿಳಿದು ಅದನ್ನು ಬಿಚ್ಚಿ ಎಸೆದವರಿದ್ದಾರೆ. ಗ್ರೆನೇಡ್ ಹಾರಿಸುವ ರೈಫಲ್‌ಗೆ, ನಳಿಗೆ ಒಡೆದರೂ ಮರ ಸಿಡಿಯದಿರಲೆಂದು ಸೇನೆಯೇ ಸುತ್ತಿಸಿದ ತಂತಿ ಅದು. ಮರಕ್ಕೆ ಅಡ್ಡಲಾಗಿ ಹಾಕಿದ ಈಶಾಪುರದ ಸ್ಕ್ರೂ ಕೂಡ ಬಲಪಡಿಸಲು ಹಾಕಿದ್ದೇ.

ಇನ್ನು ಉಜ್ಜಿ ಪಾಲಿಶ್ ಮಾಡುವ ಆಸೆ. ಹೊಳೆಯುವಂತಾದರೆ ಬೆಲೆ ಏರುತ್ತದೆಂದು ಉಪ್ಪುಕಾಗದ ಹಿಡಿದು ಮರ ತಿಕ್ಕಿ ವಾರ್ನಿಶ್ ಬಳಿಯುತ್ತಾರೆ. ಮರದ ಮೇಲಿನ ತಪಾಸಣೆಯ ಠಸ್ಸೆಗಳು, ದುರಸ್ತಿಯ ಗುರುತುಗಳು ಅಲ್ಲಿಗೆ ಅಳಿಸಿಹೋಗುತ್ತವೆ, ಬೆಲೆಯೂ ಬೀಳುತ್ತದೆ. ಸಿಪಾಯಿಗಳು ಬಳಿಯುತ್ತಿದ್ದದ್ದು ಅಗಸೆ ಎಣ್ಣೆ, ಅಷ್ಟೇ. ನಳಿಗೆಯ ಒಳಗಿನ ಮಾತು ಬೇರೆ. ಹಳೆಯ ತೋಟಾಗಳ ಕಿಡಿಮದ್ದಿನಲ್ಲಿ ಪೊಟ್ಯಾಸಿಯಂ ಕ್ಲೋರೇಟ್ ಇರುತ್ತಿತ್ತು. ಅದು ಉರಿದ ಮೇಲೆ ಉಳಿಯುವ ಉಪ್ಪು ತೇವ ಹೀರಿ ಉಕ್ಕನ್ನು ತಿನ್ನುತ್ತದೆ. ಎಣ್ಣೆಯಲ್ಲಿ ಉಪ್ಪು ಕರಗದು. ಅದಕ್ಕೇ ಸಿಪಾಯಿಗಳು ನಳಿಗೆಗೆ ಕುದಿನೀರು ಹೊಯ್ದು, ಒರೆಸಿ, ಆಮೇಲೆ ಎಣ್ಣೆ ಹಚ್ಚುತ್ತಿದ್ದರು.

ಒಂದರ ಬೋಲ್ಟ್ ಇನ್ನೊಂದಕ್ಕೆ ಹಾಕಿದರೆ ಏನಾಗುತ್ತದೆ ಎನ್ನುವವರಿಗೆ: ಬೋಲ್ಟನ್ನು ಆಯಾ ರೈಫಲ್‌ಗೆ ಹೊಂದಿಸಿ, ಅದೇ ನಂಬರ್ ಒತ್ತುತ್ತಿದ್ದರು. ಬೋಲ್ಟ್‌ಗೂ ತೋಟಾಕ್ಕೂ ನಡುವಿನ ಅಂತರ ತಪ್ಪಿದರೆ ತೋಟಾದ ಹಿಂಬದಿ ಹರಿಯಬಹುದು.

ನಮ್ಮ ಓದುಗರಿಗೆ ಎಲ್ಲಕ್ಕಿಂತ ಮುಖ್ಯವಾದದ್ದು ಕಾನೂನು. ‘ನೂರು ವರ್ಷದ್ದು, ಆಂಟಿಕ್, ಲೈಸೆನ್ಸ್ ಬೇಡ’ ಎಂಬ ಮಾತು ಧಾರಾಳವಾಗಿ ಓಡಾಡುತ್ತಿದೆ. 1959ರ ಶಸ್ತ್ರಾಸ್ತ್ರ ಕಾಯ್ದೆಯ 45ನೇ ಸೆಕ್ಷನ್ ಹಳೆಯ ಆಯುಧಗಳಿಗೆ ಕೊಟ್ಟಿರುವ ವಿನಾಯಿತಿಗೆ ಷರತ್ತಿದೆ: ದುರಸ್ತಿ ಮಾಡಿದರೂ ಅದು ಗುಂಡು ಹಾರಿಸುವಂತಿರಬಾರದು. ವಯಸ್ಸೊಂದೇ ಸಾಲದು. ಮೇಲಾಗಿ .303 ಮತ್ತು 7.62 ಬೋರಿನ ರೈಫಲ್‌ಗಳು, .410 ಮಸ್ಕೆಟ್ ಕೂಡ ನಿಯಮಗಳ ನಿಷೇಧಿತ ವರ್ಗದಲ್ಲಿವೆ. ಜಿಲ್ಲಾಧಿಕಾರಿ ಕಚೇರಿಯ ಸಾಮಾನ್ಯ ಲೈಸೆನ್ಸ್ ಅವಕ್ಕೆ ನಡೆಯದು. ಜನಸಾಮಾನ್ಯರಿಗಾಗಿ ಈಶಾಪುರ .315 ರೈಫಲ್ ಮಾಡಿದ್ದರ ಕಾರಣವೂ ಇದೇ: ಸೇನೆಯ ತೋಟಾ ಅದಕ್ಕೆ ಹೊಂದಬಾರದು.

ಕೊಡಗಿನವರು ಯಾವ ಕೋವಿಯನ್ನಾದರೂ ಇಟ್ಟುಕೊಳ್ಳಬಹುದು ಎಂಬುದೂ ಸರಿಯಲ್ಲ. ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಇರುವ ವಿನಾಯಿತಿ ಲೈಸೆನ್ಸಿನ 3 ಮತ್ತು 4ನೇ ಸೆಕ್ಷನ್‌ಗಳದ್ದು. ಸದ್ಯದ ಅವಧಿ 2029ರ ಅಕ್ಟೋಬರ್ 31ರವರೆಗೆ. ನಿಷೇಧಿತ ಆಯುಧಗಳ 7ನೇ ಸೆಕ್ಷನ್ ಅದರಲ್ಲಿ ಸೇರಿಲ್ಲ.

ಅಜ್ಜನ ಲೈಸೆನ್ಸ್ ಮೊಮ್ಮಗನಿಗೆ ತಾನಾಗಿ ಬರುವುದಿಲ್ಲ. ಲೈಸೆನ್ಸ್‌ದಾರರು ತೀರಿಕೊಂಡರೆ 21ನೇ ಸೆಕ್ಷನ್ ಪ್ರಕಾರ ಆಯುಧವನ್ನು ತಡಮಾಡದೆ ಠಾಣೆಯಲ್ಲೋ ಲೈಸೆನ್ಸ್ ಇರುವ ಡೀಲರ್ ಬಳಿಯೋ ಜಮಾ ಮಾಡಿ, ವಾರಸುದಾರರು ತಮ್ಮ ಹೆಸರಿನಲ್ಲಿ ಅರ್ಜಿ ಹಾಕಿಕೊಳ್ಳಬೇಕು. ನಿಮ್ಮ ಮನೆಯ ಅಟ್ಟದಲ್ಲಿ ಅಂಥದ್ದೇನಾದರೂ ಇದ್ದರೆ ಉಜ್ಜಬೇಡಿ, ಹಾರಿಸಿ ನೋಡಬೇಡಿ. ಈ ವಾರವೇ ಠಾಣೆಗೆ ಹೋಗಿ ವಿಷಯ ತಿಳಿಸಿ, ರಸೀದಿ ಪಡೆಯಿರಿ.