ಚೌಡಿಕೆಯೂ ಸಾಕ್ಷ್ಯಚಿತ್ರವೂ

ಕೊಪ್ಪಳ ಸೀಮೆಯ ಹುಲಿಗಿಯು ತುಂಗಭದ್ರೆಯ ದಡದ ಶಕ್ತಿಕ್ಷೇತ್ರ. ಅಲ್ಲಿ ಹುಲಿಗೆಮ್ಮನ ದರ್ಶನಕ್ಕೆ ಹೋದವರ ಕಿವಿಗೆ ಗಂಟೆಯ ನಾದದೊಡನೆ ಚೌಡಿಕೆಯ ಧ್ವನಿಯೂ ಬೀಳುವುದುಂಟು. ಅದನ್ನು ನುಡಿಸುವ ಜೋಗತಿಯರನ್ನೂ ಜೋಗಪ್ಪಗಳನ್ನೂ ಕುರಿತ ಚಿತ್ರಗಳು ಈಗ ಮನೆಯ ಮೊಬೈಲಿನಲ್ಲಿಯೇ ದೊರೆಯುತ್ತವೆ. ಮಕ್ಕಳೊಡನೆ ಕುಳಿತು ಅವನ್ನು ನೋಡುವ ಗೃಹಸ್ಥರು ಏನನ್ನು ಗಮನಿಸಬೇಕೆಂಬ ವಿಷಯವಾಗಿ ಕೆಲವು ಮಾತುಗಳನ್ನು ಇಲ್ಲಿ ಅರಿಕೆಮಾಡುವೆವು.

ಮೊದಲನೆಯದಾಗಿ, ಇವರೆಲ್ಲರೂ ಒಂದೇ ಬಗೆಯವರಲ್ಲ. ಕೆಲವರು ಹೆಣ್ಣಾಗಿ ಹುಟ್ಟಿ, ಎಳೆವಯಸ್ಸಿನಲ್ಲಿಯೇ ಹಿರಿಯರಿಂದ ದೇವಿಗೆ ಒಪ್ಪಿಸಲ್ಪಟ್ಟವರು. ಈ ಸಮರ್ಪಣೆಯನ್ನು ಕರ್ನಾಟಕವು 1982ರ ಕಾಯಿದೆಯಿಂದ ನಿಷೇಧಿಸಿತು. ಜೋಗಪ್ಪಗಳಾದರೋ ಗಂಡಾಗಿ ಹುಟ್ಟಿ, ತಮ್ಮನ್ನು ಹೆಣ್ಣೆಂದು ಅರಿತುಕೊಂಡವರು. ಒಬ್ಬರಿಗೆ ಹಿರಿಯರ ಹಟದಿಂದ ಬಂದ ದುಃಖ. ಮತ್ತೊಬ್ಬರಿಗೆ ಹಿರಿಯರ ಅಸಹನೆಯಿಂದ ಬಂದ ದುಃಖ. ಎರಡನ್ನೂ ಒಂದೇ ಪಟದಲ್ಲಿ ಕಲಸಿದ ಚಿತ್ರವು ಇಬ್ಬರಿಗೂ ನ್ಯಾಯ ಸಲ್ಲಿಸಲಾರದು.

ಬೀಬನ್ ಕಿಡ್ರಾನ್ ಎಂಬ ಆಂಗ್ಲ ಮಹಿಳೆಯು ದೇವದಾಸಿಯರನ್ನು ಕುರಿತು ತೆಗೆದ ಚಿತ್ರವನ್ನು ಬಿಬಿಸಿಯವರು 2011ರಲ್ಲಿ ಪ್ರಸಾರಮಾಡಿದರು. ಅದರ ಹೆಸರಿನಲ್ಲಿ ಕಾಮ, ಮೃತ್ಯು, ದೇವತೆಗಳು ಈ ಮೂರೂ ಇವೆ. ಗಾನಕ್ಕೆ ಮಾತ್ರ ಅಲ್ಲಿ ಸ್ಥಳವಿಲ್ಲ. ಬಡತನವನ್ನಾಗಲಿ ಶೋಷಣೆಯನ್ನಾಗಲಿ ಮರೆಮಾಚಬೇಕೆಂದು ನಾವು ಹೇಳುವುದಿಲ್ಲ. ಆದರೆ ಕಣ್ಣೀರನ್ನಷ್ಟೇ ತೋರಿಸಿ ವಿದ್ಯೆಯನ್ನು ತೋರಿಸದಿದ್ದರೆ ಅದು ಅರ್ಧ ಸತ್ಯವಾದೀತು.

ಆ ವಿದ್ಯೆಯಾದರೂ ಸಾಮಾನ್ಯವಲ್ಲ. ನಮ್ಮ ಶಾಸ್ತ್ರಕಾರರು ವಾದ್ಯಗಳನ್ನು ತತ, ಅವನದ್ಧ, ಘನ, ಸುಷಿರ ಎಂದು ನಾಲ್ಕಾಗಿ ವಿಂಗಡಿಸಿದರು. ಎಂದರೆ ತಂತಿಯವು, ಚರ್ಮದವು, ತಾಳದಂಥವು, ಊದುವಂಥವು. ಚೌಡಿಕೆಯು ಒಂದು ಟೊಳ್ಳು ಕೊಳಗ. ಅದರ ತಳಕ್ಕೆ ಚರ್ಮ, ಚರ್ಮದ ನಡುವಿನಿಂದ ಹೊರಟು ಮೇಲಿನ ಕೋಲಿಗೆ ಬಿಗಿದ ತಂತಿ. ಕಂಕುಳಲ್ಲಿ ಅವುಚಿಕೊಂಡು ತಂತಿಯನ್ನು ಮೀಟಿದರೆ ಚರ್ಮವು ನುಡಿಯುತ್ತದೆ. ಇದನ್ನು ತತವೆನ್ನೋಣವೇ, ಅವನದ್ಧವೆನ್ನೋಣವೇ? ವರ್ಗಕ್ಕೆ ಸಿಕ್ಕಲಿಲ್ಲವೆಂದು ವಾದ್ಯವು ಸುಳ್ಳಾಗುವುದಿಲ್ಲ, ವರ್ಗವೇ ಸಡಿಲವಾಗಬೇಕು. ಗಂಡು ಹೆಣ್ಣೆಂಬ ಎರಡೇ ವರ್ಗಗಳು ಸಾಲವೆಂದು ಸರ್ವೋಚ್ಚ ನ್ಯಾಯಾಲಯವು 2014ರಲ್ಲಿ ತೀರ್ಪಿತ್ತುದೂ ಇದೇ ನ್ಯಾಯದಿಂದಲೇ.

ಮಂಜಮ್ಮ ಜೋಗತಿಯವರ ಉದಾಹರಣೆಯನ್ನು ನೋಡೋಣ. ಬಳ್ಳಾರಿ ಜಿಲ್ಲೆಯಲ್ಲಿ ಮಂಜುನಾಥನಾಗಿ ಹುಟ್ಟಿದ ಅವರಿಗೆ 1975ರಲ್ಲಿ ಇದೇ ಹುಲಿಗೆಮ್ಮನ ಸನ್ನಿಧಿಯಲ್ಲಿ ಜೋಗತಿಯ ದೀಕ್ಷೆಯಾಯಿತು. ಆಮೇಲೆ ಮನೆ ತೊರೆದರು, ಭಿಕ್ಷೆ ಬೇಡಿದರು, ಕಾಳವ್ವ ಜೋಗತಿಯವರ ತಂಡದಲ್ಲಿ ಕಲಾವಿದೆಯಾಗಿ ಬೆಳೆದರು. 2019ರಲ್ಲಿ ಕರ್ನಾಟಕ ಜಾನಪದ ಅಕಾಡೆಮಿಯ ಅಧ್ಯಕ್ಷರಾದರು. 2021ರಲ್ಲಿ ಪದ್ಮಶ್ರೀಯನ್ನು ಸ್ವೀಕರಿಸುವಾಗ ಅವರು ಸೆರಗಿನಿಂದ ರಾಷ್ಟ್ರಪತಿಗಳ ದೃಷ್ಟಿ ತೆಗೆದ ದೃಶ್ಯವನ್ನು ದೇಶವೆಲ್ಲ ನೋಡಿತು. ಸೆರಗನ್ನು ಕಂಡವರಲ್ಲಿ ಅವರ ಹಾಡನ್ನು ಪೂರ್ತಿಯಾಗಿ ಕೇಳಿದವರೆಷ್ಟು ಮಂದಿ?

ಆದುದರಿಂದ ಇಂಥ ಚಿತ್ರವನ್ನು ನೋಡುವಾಗ ವಾಚಕರು ಮೂರು ಪ್ರಶ್ನೆಗಳನ್ನು ಕೇಳಿಕೊಳ್ಳಲಿ. ಒಂದು ಹಾಡಾದರೂ ಮೊದಲಿನಿಂದ ಕೊನೆಯವರೆಗೆ ಕೇಳಿಸಿತೇ? ಹಾಡಿದವರ ಹೆಸರನ್ನೂ ಗುರುವಿನ ಹೆಸರನ್ನೂ ಹೇಳಿದರೇ? ಅವರ ಬಾಳಿನ ಅರ್ಥವನ್ನು ಅವರೇ ಹೇಳಿದರೋ, ಅವರ ಪರವಾಗಿ ಇತರರು ಹೇಳಿದರೋ?

ಪರದೆಯ ಮುಂದೆ ಕುಳಿತ ಮಕ್ಕಳಲ್ಲಿ ಮತ್ತೊಬ್ಬ ಮಂಜುನಾಥನು ಇರಬಹುದು. ಜೋಗಪ್ಪನನ್ನು ಕಂಡು ಹಿರಿಯರು ನಕ್ಕರೇ, ಇಲ್ಲವೇ ಹಾಡಿಗೆ ತಲೆದೂಗಿದರೇ ಎಂಬುದನ್ನು ಆ ಮಗುವು ಚಿತ್ರಕ್ಕಿಂತ ಹೆಚ್ಚಾಗಿ ನೋಡುತ್ತಿರುತ್ತದೆ.