ಹಾಡು ಒತ್ತುವ ಸಣ್ಣ ಕಾರ್ಖಾನೆಗಳು

ಸಂಗೀತಕ್ಕೂ ವಾಣಿಜ್ಯ ಮಂಡಳಿಯ ಮಾಸಪತ್ರಿಕೆಗೂ ಏನು ಸಂಬಂಧವೆಂದು ಕೆಲವು ಓದುಗರಿಗೆ ಅನ್ನಿಸಬಹುದು. ನಾನು ಗಾಯಕನಲ್ಲ, ವಿಮರ್ಶಕನೂ ಅಲ್ಲ. ಹಗಲೆಲ್ಲ ಸರಕು, ಸಾಗಣೆ, ಬಾಕಿ ವಸೂಲಿಗಳಲ್ಲಿ ಕಳೆದು, ರಾತ್ರಿ ಊಟವಾದ ಮೇಲೆ ಹೊಸ ಹಾಡುಗಳನ್ನು ಕೇಳುವ ಹವ್ಯಾಸವುಳ್ಳ ವ್ಯಾಪಾರಿ. ಪಾಶ್ಚಾತ್ಯ ದೇಶಗಳಲ್ಲಿ ‘ಇಂಡಿ’ ಎಂದು ಹೆಸರಾದ ಸಂಗೀತದ ಕಡೆಗೆ ನನ್ನ ಒಲವು. ಅಂಥ ಆಲ್ಬಮ್ ಹೊರಬಂದಾಗ ಹಾಡುಗಳನ್ನು ಕೇಳುವುದರೊಡನೆ, ಅದನ್ನು ಯಾರು ತಯಾರಿಸಿದರು, ಎಷ್ಟು ಪ್ರತಿ ಒತ್ತಿಸಿದರು, ಯಾರ ಮೂಲಕ ಮಾರಿದರು ಎಂಬುದನ್ನೂ ಹುಡುಕಿ ಓದುವುದು ಅಭ್ಯಾಸವಾಗಿಬಿಟ್ಟಿದೆ. ಅಂಗಡಿಯ ಚಾಳಿಯನ್ನು ಮನೆಗೂ ತರುತ್ತೀರೆಂದು ಮನೆಯವರು ನಗುವುದುಂಟು.

‘ಇಂಡಿ’ ಎಂಬುದು ಇಂಡಿಯಾದ ಸಂಕ್ಷೇಪವಲ್ಲ. ನಿಂಬೆಗೆ ಹೆಸರಾದ ವಿಜಯಪುರ ಜಿಲ್ಲೆಯ ಇಂಡಿಗೂ ಇದಕ್ಕೂ ಸಂಬಂಧವಿಲ್ಲ. ‘ಇಂಡಿಪೆಂಡೆಂಟ್’ ಎಂಬುದರ ಮೊಟಕು ರೂಪವಿದು. ಇಂದು ವಿಶ್ವದ ಧ್ವನಿಮುದ್ರಣ ಉದ್ಯಮದಲ್ಲಿ ಯೂನಿವರ್ಸಲ್, ಸೋನಿ ಮತ್ತು ವಾರ್ನರ್ ಎಂಬ ಮೂರು ಬೃಹತ್ ಕಂಪನಿಗಳಿವೆ. ಈ ಮೂರರ ಒಡೆತನಕ್ಕೆ ಸೇರದ ಕಂಪನಿಯಿಂದ ಅಥವಾ ಕಲಾವಿದರಿಂದಲೇ ಹೊರಬಂದ ಆಲ್ಬಮ್ಮು ಸ್ವತಂತ್ರ ಆಲ್ಬಮ್. ಇಂಥ ಕಂಪನಿಗಳಲ್ಲಿ ಅನೇಕವು ನಮ್ಮ ಸಣ್ಣ ಕೈಗಾರಿಕಾ ಘಟಕಗಳಂತೆ ನಾಲ್ಕಾರು ಜನರಿಂದ ನಡೆಯುವಂಥವು. ಮಾಲೀಕನೇ ಲೆಕ್ಕ ಬರೆಯುತ್ತಾನೆ, ಮಾಲೀಕನೇ ಪೊಟ್ಟಣ ಕಟ್ಟುತ್ತಾನೆ.

ಇತ್ತೀಚಿನ ವರ್ಷಗಳಲ್ಲಿ ನನ್ನನ್ನು ಬಹುವಾಗಿ ಹಿಡಿದಿಟ್ಟ ಆಲ್ಬಮ್ ಸಿಂಡಿ ಲೀ ಅವರ ‘ಡೈಮಂಡ್ ಜುಬಿಲಿ’. ಕೆನಡಾದ ಪ್ಯಾಟ್ರಿಕ್ ಫ್ಲೆಗಲ್ ಎಂಬ ಕಲಾವಿದರು ರಂಗದ ಮೇಲೆ ಧರಿಸುವ ಹೆಸರು ಸಿಂಡಿ ಲೀ. ಒಟ್ಟು 32 ಹಾಡುಗಳು, ಕೇಳಲು ಎರಡು ತಾಸು ಬೇಕು. ಅರವತ್ತರ ದಶಕದ ಅಮೆರಿಕದ ರೇಡಿಯೋ ಗೀತೆಗಳು ದೂರದ ಕೋಣೆಯಿಂದ ತೇಲಿಬಂದಂಥ ನಾದ. ನಡುನಡುವೆ ಕರಗುವ ಗಿಟಾರು, ಎತ್ತರದ ಶ್ರುತಿಯಲ್ಲಿ ಅಳುಕುತ್ತಲೇ ಹಾಡುವ ಕಂಠ. ಎಲ್ಲವೂ ಸಮನಾಗಿಲ್ಲ, ಒಂದಿಷ್ಟು ಹಾಡುಗಳನ್ನು ಕೈಬಿಡಬಹುದಿತ್ತೆಂದು ಮೊದಲ ಸಲ ಅನ್ನಿಸುತ್ತದೆ, ಮೂರನೆಯ ಸಲ ಅನ್ನಿಸುವುದಿಲ್ಲ.

ವ್ಯಾಪಾರಿಯ ಕಣ್ಣಿಗೆ ಬಿದ್ದ ಸಂಗತಿ ಬೇರೆ. 2024ರ ಮಾರ್ಚಿಯಲ್ಲಿ ಈ ಆಲ್ಬಮ್ ಹೊರಬಂದಾಗ ಅದು ಸ್ಪಾಟಿಫೈಯಲ್ಲಿ ಇರಲಿಲ್ಲ, ಅಂಗಡಿಗಳಲ್ಲೂ ಇರಲಿಲ್ಲ. ಯೂಟ್ಯೂಬಿನಲ್ಲಿ ಎರಡು ತಾಸಿನ ಒಂದೇ ಉದ್ದನೆಯ ಕಡತ, ಮತ್ತು ತೊಂಬತ್ತರ ದಶಕದ ಮಾದರಿಯ ಒಂದು ಸರಳ ಅಂತರಜಾಲ ಪುಟ. ಆ ಪುಟದಿಂದ ಹಾಡುಗಳನ್ನು ಇಳಿಸಿಕೊಳ್ಳಬಹುದು; ಇಷ್ಟವಾದರೆ 30 ಕೆನಡಾ ಡಾಲರ್ ಕೊಡಿ ಎಂಬ ಸೂಚನೆ. ಜಾಹೀರಾತಿಲ್ಲ, ವಿತರಕನಿಲ್ಲ. ಆದರೂ ‘ಪಿಚ್‌ಫೋರ್ಕ್’ ಪತ್ರಿಕೆ ಹತ್ತಕ್ಕೆ 9.1 ಅಂಕ ನೀಡಿತು. ಕೆನಡಾದ ಪೊಲಾರಿಸ್ ಪ್ರಶಸ್ತಿಯ ಅಂತಿಮ ಪಟ್ಟಿಗೂ ಆಲ್ಬಮ್ ಬಂದಿತು.

ಕೊಳ್ಳುವವನೇ ಬೆಲೆ ನಿರ್ಧರಿಸಲಿ ಎಂಬ ಪ್ರಯೋಗ ಹೊಸದಲ್ಲ. ಬ್ರಿಟನ್ನಿನ ರೇಡಿಯೋಹೆಡ್ ತಂಡ 2007ರ ಅಕ್ಟೋಬರ್ 10ರಂದು ‘ಇನ್ ರೇನ್‌ಬೋಸ್’ ಆಲ್ಬಮ್ಮನ್ನು ಹೀಗೆಯೇ ಬಿಟ್ಟಿತು. ಅದನ್ನು ವ್ಯಾಪಾರದ ಕ್ರಾಂತಿಯೆಂದು ಅಂದು ಬಹಳ ಮಂದಿ ಹೊಗಳಿದರು. ಆ ಹೊಗಳಿಕೆಯನ್ನು ನಾನು ಪೂರ್ತಿ ಒಪ್ಪುವವನಲ್ಲ. ಅದಕ್ಕೆ ಮೊದಲು ಆ ತಂಡ ಇಎಂಐ ಬಳಗದ ಮೂಲಕ ಆರು ಆಲ್ಬಮ್ ತಂದಿತ್ತು. ದೊಡ್ಡ ಕಂಪನಿಯ ಹಣದಲ್ಲಿ ಗಳಿಸಿದ ಹೆಸರನ್ನು ಬೆನ್ನಿಗಿಟ್ಟುಕೊಂಡೇ ಬೆಲೆಪಟ್ಟಿಯನ್ನು ಕಿತ್ತುಹಾಕಿತು. ಹೆಸರಿಲ್ಲದ ಸಣ್ಣ ತಯಾರಕನು ಅದನ್ನೇ ಮಾಡಹೊರಟರೆ ಲೆಕ್ಕ ಬೇರೆಯಾಗುತ್ತದೆ. ಸ್ವತಂತ್ರ ಕಂಪನಿಯ ಸ್ವಾತಂತ್ರ್ಯ ನಿಜಕ್ಕೂ ಎಲ್ಲಿಯವರೆಗೆ ಎಂದು ನೋಡಬೇಕಾದರೆ ಬೆಲೆಯನ್ನಲ್ಲ, ಅದು ಯಾವ ಯಾವ ಕಡೆ ಒಬ್ಬನೇ ಪೂರೈಕೆದಾರನನ್ನು, ಒಂದೇ ಗೋದಾಮನ್ನು, ಒಬ್ಬನೇ ಗಿರಾಕಿಯನ್ನು ನಂಬಿಕೊಂಡಿದೆ ಎಂಬುದನ್ನು ನೋಡಬೇಕು.

ತಟ್ಟೆ ತಯಾರಾಗುವ ಬಗೆ

ಹಾಡು ಕೈಗೆ ಸಿಗದ ಗಾಳಿಯಾಗಿರುವ ಈ ಕಾಲದಲ್ಲಿ ಎಲ್‌ಪಿ ತಟ್ಟೆಗಳು ಮರಳಿ ಬಂದಿರುವುದು ಅನೇಕರಿಗೆ ಸೋಜಿಗ. ಅಮೆರಿಕದಲ್ಲಿ 2022ರಲ್ಲಿ ಎಲ್‌ಪಿಗಳ ಮಾರಾಟ ಸಂಖ್ಯೆಯು ಸಿ.ಡಿ.ಗಳದನ್ನು ಮೀರಿತು, 1987ರ ಅನಂತರ ಅದೇ ಮೊದಲು. ಸ್ವತಂತ್ರ ಕಂಪನಿಗಳಿಗೆ ಈ ತಟ್ಟೆ ಜೀವನಾಧಾರವಾಗಿದೆ. ಅದರ ತಯಾರಿಕೆಯನ್ನು ಪೀಣ್ಯದ ಯಾವ ಎಲೆಕ್ಟ್ರೋಪ್ಲೇಟಿಂಗ್ ಘಟಕದವರಾದರೂ ಕೂಡಲೇ ಅರ್ಥಮಾಡಿಕೊಳ್ಳುವರು. ಅಲ್ಯೂಮಿನಿಯಂ ಬಿಲ್ಲೆಗೆ ಲ್ಯಾಕರ್ ಎಂಬ ಮೆದು ಅರಗಿನಂಥ ಲೇಪನ ಬಳಿದು, ಅದರ ಮೇಲೆ ಸೂಜಿಯಿಂದ ಹಾಡಿನ ಗೀರನ್ನು ಕೊರೆಯುತ್ತಾರೆ. ಆಮೇಲೆ ಬೆಳ್ಳಿಯ ತೆಳು ಪೊರೆ, ಅದರ ಮೇಲೆ ನಿಕಲ್ ತೊಟ್ಟಿಯಲ್ಲಿ ಲೇಪನ. ಬಿಡಿಸಿ ತೆಗೆದ ನಿಕಲ್ ಹಾಳೆಯೇ ಮೊದಲ ಅಚ್ಚು. ಆ ಅಚ್ಚಿನಿಂದ ಪಡಿಯಚ್ಚು, ಪಡಿಯಚ್ಚಿನಿಂದ ಒತ್ತುವ ಅಚ್ಚುಗಳು. ಕಾಯಿಸಿದ ಪಿವಿಸಿ ಮುದ್ದೆಯನ್ನು ಎರಡು ಅಚ್ಚುಗಳ ನಡುವೆ ಇಟ್ಟು ಒತ್ತಿದರೆ ತಟ್ಟೆ ಸಿದ್ಧ. ಒಂದು ಅಚ್ಚು ಸುಮಾರು ಸಾವಿರ ತಟ್ಟೆ ಒತ್ತುವಷ್ಟರಲ್ಲಿ ಸವೆಯುತ್ತದೆ.

ಮುನ್ನೂರು ತಟ್ಟೆ ಒತ್ತಿಸಿದರೂ ಮೂರು ಸಾವಿರ ಒತ್ತಿಸಿದರೂ ಮೊದಲ ಅಚ್ಚಿನ ಖರ್ಚು ಅಷ್ಟೇ. ಸಣ್ಣ ಕಂಪನಿಯ ಸಂಕಟವೆಲ್ಲ ಇಲ್ಲಿದೆ. ಕಡಿಮೆ ಒತ್ತಿಸಿದರೆ ತಟ್ಟೆಯೊಂದಕ್ಕೆ ಬೀಳುವ ಖರ್ಚು ಹೆಚ್ಚು. ಹೆಚ್ಚು ಒತ್ತಿಸಿದರೆ ಬಂಡವಾಳವೆಲ್ಲ ದಾಸ್ತಾನಿನಲ್ಲಿ ಮುಳುಗುತ್ತದೆ. ಅಮೆರಿಕದ ವಿಸ್ಕಾನ್ಸಿನ್ ರಾಜ್ಯದ ಜಸ್ಟಿನ್ ವರ್ನನ್ ತಮ್ಮ ತಂದೆಯ ಕಾಡಿನ ಮನೆಯಲ್ಲಿ ಒಂದು ಚಳಿಗಾಲ ಕುಳಿತು ಮುದ್ರಿಸಿಕೊಂಡ ‘ಫಾರ್ ಎಮ್ಮಾ, ಫಾರೆವರ್ ಅಗೋ’ ಆಲ್ಬಮ್ಮನ್ನು 2007ರಲ್ಲಿ ಸ್ವಂತ ಖರ್ಚಿನಲ್ಲಿ ಒತ್ತಿಸಿದ್ದು ಕೇವಲ 500 ಸಿ.ಡಿ. ಬೇಡಿಕೆ ಕಂಡ ಮೇಲೆ, ಮರುವರ್ಷ, ಜಾಗ್‌ಜಾಗುವಾರ್ ಎಂಬ ಸ್ವತಂತ್ರ ಕಂಪನಿ ಅದನ್ನು ವಿಸ್ತಾರವಾಗಿ ಬಿಡುಗಡೆ ಮಾಡಿತು. ಮಾದರಿ ಸರಕನ್ನು ಮಾರುಕಟ್ಟೆಗೆ ಬಿಟ್ಟು ನೋಡಿ ಅನಂತರ ಯಂತ್ರಕ್ಕೆ ಹಣ ಹಾಕುವ ನಮ್ಮ ಕ್ರಮವೇ ಇದು.

ಕನ್ನಡಿಗರಿಗೂ ಈ ಲೆಕ್ಕ ಅಪರಿಚಿತವಲ್ಲ. ತಟ್ಟೆಯ ಕಾಲದಲ್ಲಿ ಭಾರತದ ಮಾರುಕಟ್ಟೆ ಬಹುಮಟ್ಟಿಗೆ ಎಚ್‌ಎಂವಿ ಹಿಡಿತದಲ್ಲಿತ್ತು. ತಟ್ಟೆಗಳು ಕೋಲ್ಕತ್ತದ ಡಂಡಂ ಕಾರ್ಖಾನೆಯಿಂದ ಬರಬೇಕಿತ್ತು. ಕ್ಯಾಸೆಟ್ ಬಂದು ಈ ದೊಡ್ಡ ಅಚ್ಚಿನ ಖರ್ಚನ್ನೇ ಇಲ್ಲವಾಗಿಸಿತು. ನಿಸಾರ್ ಅಹಮದ್ ಅವರ ಕವಿತೆಗಳಿಗೆ ಮೈಸೂರು ಅನಂತಸ್ವಾಮಿಯವರು ರಾಗ ಹಾಕಿದ ‘ನಿತ್ಯೋತ್ಸವ’ 1978ರಲ್ಲಿ ಕ್ಯಾಸೆಟ್ಟಾಗಿ ಬಂದು ಭಾವಗೀತೆಗೆ ಮಾರುಕಟ್ಟೆಯಿದೆಯೆಂದು ತೋರಿಸಿತು. ಸಿನಿಮಾದ ಆಸರೆಯಿಲ್ಲದ ಹಾಡು ಮನೆಮನೆಗೆ ಹೋದದ್ದು ಕವಿಗಳ, ಗಾಯಕರ ಪ್ರತಿಭೆಯಿಂದ ನಿಜ. ಅಗ್ಗದ ಯಂತ್ರದಿಂದ ಎಂಬುದೂ ಅಷ್ಟೇ ನಿಜ.

ಎಲ್‌ಪಿಯ ಕತೆಗೆ ಮರಳೋಣ. ಮೇಲೆ ಹೇಳಿದ ಲ್ಯಾಕರ್ ಬಿಲ್ಲೆಗಳನ್ನು ತಯಾರಿಸುವ ಪ್ರಮುಖ ಕಾರ್ಖಾನೆಗಳು ಇಡೀ ಜಗತ್ತಿಗೆ ಎರಡೇ ಇದ್ದವು: ಕ್ಯಾಲಿಫೋರ್ನಿಯಾದ ಬ್ಯಾನಿಂಗ್ ಎಂಬ ಊರಿನಲ್ಲಿದ್ದ ಅಪೊಲೊ ಮಾಸ್ಟರ್ಸ್, ಮತ್ತು ಜಪಾನಿನ ಎಂಡಿಸಿ. 2020ರ ಫೆಬ್ರುವರಿ 6ರಂದು ಅಪೊಲೊ ಕಾರ್ಖಾನೆ ಬೆಂಕಿಗೆ ಆಹುತಿಯಾಯಿತು. ಪುಣ್ಯಕ್ಕೆ ಕೆಲಸಗಾರರಿಗೆ ಅಪಾಯವಾಗಲಿಲ್ಲ. ಆದರೆ ಜಗತ್ತಿನ ತಟ್ಟೆ ಕೊರೆಯುವವರೆಲ್ಲ ಒಂದೇ ದಿನದಲ್ಲಿ ಜಪಾನಿನ ಒಂದು ಘಟಕದ ಬಾಗಿಲಿಗೆ ಬಂದು ನಿಲ್ಲುವಂತಾಯಿತು. ತಾಮ್ರದ ಬಿಲ್ಲೆಯ ಮೇಲೆ ನೇರವಾಗಿ ಕೊರೆಯುವ ಇನ್ನೊಂದು ವಿಧಾನವಿದ್ದರೂ ಅದರ ಯಂತ್ರಗಳು ಕೆಲವೇ ಕಡೆ ಇವೆ. ನೂರಾರು ಸಣ್ಣ ಕಂಪನಿಗಳಲ್ಲಿ ಬಹುತೇಕ ಮಂದಿಗೆ ತಮ್ಮ ಉದ್ಯಮ ಇಷ್ಟು ತೆಳುವಾದ ದಾರಕ್ಕೆ ನೇತುಬಿದ್ದಿದೆಯೆಂಬುದು ಅಂದೇ ತಿಳಿದಿರಬೇಕು. ನಮ್ಮ ಸದಸ್ಯರಲ್ಲಿ ಒಂದೇ ದೇಶದಿಂದ ಬರುವ ಬಿಡಿಭಾಗವನ್ನು ನಂಬಿದವರು 2020ರಲ್ಲಿ ಪಟ್ಟ ಪಾಡನ್ನು ನೆನೆದರೆ ಇದು ಸುಲಭವಾಗಿ ಅರ್ಥವಾಗುತ್ತದೆ.

ಅದಾದ ಮರುವರ್ಷ ಇನ್ನೊಂದು ತೊಡಕು. ಕೋವಿಡ್ ಕಾಲದಲ್ಲಿ ಮನೆಯಲ್ಲಿ ಕುಳಿತ ಜನ ತಟ್ಟೆ ಕೊಳ್ಳತೊಡಗಿದರು. ದೊಡ್ಡ ಕಂಪನಿಗಳೂ ತಮ್ಮ ತಾರೆಯರ ಆಲ್ಬಮ್ಮುಗಳಿಗೆ ಲಕ್ಷಗಟ್ಟಲೆ ತಟ್ಟೆಗಳ ಬೇಡಿಕೆ ಸಲ್ಲಿಸಿದವು. 500 ತಟ್ಟೆ ಕೇಳಿದ ಸಣ್ಣವನು ಸರದಿಯಲ್ಲಿ ತಿಂಗಳುಗಟ್ಟಲೆ ಕಾಯಬೇಕಾಯಿತು. ದೊಡ್ಡ ಕಂಪನಿಗಳು ಕೈಬಿಟ್ಟಿದ್ದ ತಟ್ಟೆಯನ್ನು ವರ್ಷಾನುಗಟ್ಟಲೆ ಜೀವಂತವಾಗಿಟ್ಟವರು ಈ ಸಣ್ಣವರೇ ಎಂಬುದು ಇಲ್ಲಿ ಹೇಳಲೇಬೇಕಾದ ಮಾತು. ಜಾಬ್ ವರ್ಕ್ ಮಾಡಿಸುವವರಿಗೆ ಈ ನೋವು ಬಿಡಿಸಿ ಹೇಳಬೇಕಾಗಿಲ್ಲ.

ಗೋದಾಮು ಮತ್ತು ಕರಾರು

2011ರ ಆಗಸ್ಟ್ 8ರ ರಾತ್ರಿ ಲಂಡನ್ ಗಲಭೆಯಲ್ಲಿ ಎನ್‌ಫೀಲ್ಡ್ ಎಂಬಲ್ಲಿದ್ದ ಸೋನಿ ಸಂಸ್ಥೆಯ ಗೋದಾಮಿಗೆ ಬೆಂಕಿ ಬಿತ್ತು. ಗೋದಾಮು ಸೋನಿಯದಾದರೂ ಅಲ್ಲಿ ‘ಪಿಯಾಸ್’ ವಿತರಣಾ ಸಂಸ್ಥೆಯ ಮೂಲಕ ಮಾರಾಟವಾಗುತ್ತಿದ್ದ ನೂರಕ್ಕೂ ಹೆಚ್ಚು ಸ್ವತಂತ್ರ ಕಂಪನಿಗಳ ದಾಸ್ತಾನು ಇತ್ತು. ಹಲವರ ಪಾಲಿಗೆ ಅದು ಇದ್ದಬದ್ದ ಸರಕೆಲ್ಲ. ಆಗ ಬ್ರಿಟನ್ನಿನ ಸ್ವತಂತ್ರ ಸಂಗೀತ ಕಂಪನಿಗಳ ಸಂಘ ಇತರರ ಜೊತೆಗೂಡಿ ನೆರವಿಗೆ ನಿಧಿ ಕೂಡಿಸಲು ಮುಂದಾಯಿತು. ಸಂಘಟನೆಯಿಂದ ಏನು ಪ್ರಯೋಜನವೆಂದು ವಾರ್ಷಿಕ ಚಂದಾ ಕಟ್ಟುವಾಗ ಕೇಳುವ ನಮ್ಮ ಮಿತ್ರರು ಗಮನಿಸಬಹುದು. ವಿತರಕನೇ ಮುಳುಗಿದ ಪ್ರಸಂಗಗಳೂ ಇವೆ. 1991ರಲ್ಲಿ ರಫ್ ಟ್ರೇಡ್ ವಿತರಣಾ ವ್ಯವಸ್ಥೆ ಕುಸಿಯಿತು. 2008ರ ಡಿಸೆಂಬರಿನಲ್ಲಿ ಪಿನಾಕಲ್ ಬಾಗಿಲು ಹಾಕಿತು. ಎರಡೂ ಸಲ ಸಣ್ಣ ಕಂಪನಿಗಳ ಬಾಕಿ ಹಣ ಸಿಕ್ಕಿಬಿದ್ದಿತು.

ಕರಾರಿನ ವಿಷಯದಲ್ಲಿ ಮ್ಯಾಂಚೆಸ್ಟರಿನ ಫ್ಯಾಕ್ಟರಿ ರೆಕಾರ್ಡ್ಸ್ ಕತೆ ಎಲ್ಲಕ್ಕಿಂತ ಸ್ವಾರಸ್ಯಕರ. 1978ರಲ್ಲಿ ಆರಂಭವಾದ ಈ ಕಂಪನಿ ಜಾಯ್ ಡಿವಿಷನ್, ನ್ಯೂ ಆರ್ಡರ್‌ನಂಥ ತಂಡಗಳನ್ನು ಬೆಳಕಿಗೆ ತಂದಿತು. ಧ್ವನಿಮುದ್ರಣದ ಒಡೆತನ ಕಲಾವಿದರದೇ ಎಂಬುದು ಅದರ ಸಂಸ್ಥಾಪಕರ ಆದರ್ಶ, ಲಾಭದಲ್ಲಿ ಅರ್ಧರ್ಧ. ಕೊನೆಕೊನೆಗೆ ಖರ್ಚು ಕೈಮೀರಿ 1992ರಲ್ಲಿ ಲಂಡನ್ ರೆಕಾರ್ಡ್ಸ್ ಕಂಪನಿ ಅದನ್ನು ಕೊಳ್ಳಲು ಬಂದಾಗ, ಕೊಳ್ಳಲು ಅಲ್ಲಿ ಏನೂ ಇಲ್ಲವೆಂಬುದು ಬಯಲಾಯಿತು. ನ್ಯೂ ಆರ್ಡರ್ ಹಾಡುಗಳು ನ್ಯೂ ಆರ್ಡರ್ ತಂಡದವೇ! ಫ್ಯಾಕ್ಟರಿ ದಿವಾಳಿಯಾಯಿತು, ತಂಡವು ಲಂಡನ್ ರೆಕಾರ್ಡ್ಸ್ ಜೊತೆ ನೇರವಾಗಿ ವ್ಯವಹಾರ ಕುದುರಿಸಿತು. ಸಂಗೀತಪ್ರೇಮಿಯಾಗಿ ನನಗೆ ಫ್ಯಾಕ್ಟರಿಯ ಮೇಲೆ ಅಪಾರ ಗೌರವ. ವ್ಯಾಪಾರಿಯಾಗಿ ಅವರ ಲೆಕ್ಕಪತ್ರ ನೋಡುವ ಧೈರ್ಯವಿಲ್ಲ. ಹಾಗೆಂದು ಸ್ವತಂತ್ರರೆಲ್ಲ ಮುಳುಗುವವರೆಂದು ತಿಳಿಯಬಾರದು. ಸೂಪರ್‌ಚಂಕ್ ತಂಡದ ಇಬ್ಬರು 1989ರಲ್ಲಿ ಅಮೆರಿಕದ ನಾರ್ತ್ ಕೆರೊಲಿನಾದಲ್ಲಿ ಕಟ್ಟಿದ ಮರ್ಜ್ ಕಂಪನಿ ಹದವರಿತು ಖರ್ಚುಮಾಡುತ್ತ ಉಳಿಯಿತು. ಅದು ಹೊರತಂದ ಆರ್ಕೇಡ್ ಫೈರ್ ತಂಡದ ‘ದಿ ಸಬರ್ಬ್ಸ್’ 2011ರಲ್ಲಿ ವರ್ಷದ ಆಲ್ಬಮ್ ಎಂದು ಗ್ರ್ಯಾಮಿ ಪಡೆಯಿತು.

ಒಬ್ಬನೇ ಗಿರಾಕಿ

ಅಂತರಜಾಲ ಬಂದ ಮೇಲೆ ಗೋದಾಮೂ ಬೇಡ, ವಿತರಕನೂ ಬೇಡ ಎಂಬ ಭರವಸೆ ಮೂಡಿತ್ತು. ಬೆಂಗಳೂರಿನ ಥರ್ಮಲ್ ಅಂಡ್ ಎ ಕ್ವಾರ್ಟರ್ ತಂಡ ತನ್ನ ‘ಪ್ಲಾನ್ ಬಿ’ ಆಲ್ಬಮ್ಮನ್ನು 2005ರಲ್ಲಿ ಅಂತರಜಾಲದಲ್ಲಿ ಉಚಿತವಾಗಿ ಬಿಟ್ಟಿತು. ಆಲ್ಬಮ್ಮನ್ನು ಜಾಹೀರಾತೆಂದು ಎಣಿಸಿ ಸಂಪಾದನೆಯನ್ನು ಕಾರ್ಯಕ್ರಮಗಳಲ್ಲಿ ಹುಡುಕುವ ದಾರಿ ಅದು. ಇಂದು ಹೆಚ್ಚಿನವರು ಹಾಡು ಕೇಳುವುದು ಸ್ಪಾಟಿಫೈಯಂಥ ಸೇವೆಗಳಲ್ಲಿ. ಅಲ್ಲಿ ಹಾಡಿಗೆ ಇಂತಿಷ್ಟೆಂಬ ದರವಿಲ್ಲ. ಚಂದಾ, ಜಾಹೀರಾತಿನ ಹಣವನ್ನು ಒಂದೆಡೆ ಕೂಡಿಸಿ, ಒಟ್ಟು ಕೇಳುವಿಕೆಯಲ್ಲಿ ಯಾರ ಪಾಲು ಎಷ್ಟೋ ಅಷ್ಟು ಹಂಚುತ್ತಾರೆ. ನಾನು ತಿಂಗಳಿಡೀ ಸಿಂಡಿ ಲೀ ಒಬ್ಬರನ್ನೇ ಕೇಳುವಂತಿದ್ದರೂ ನನ್ನ ಚಂದಾದ ಬಹುಪಾಲು ಜಗತ್ತಿನ ಬೇರೆ ತಾರೆಯರಿಗೆ ಹೋಗುತ್ತದೆ. ಸಾಲದ್ದಕ್ಕೆ 2024ರಿಂದ ಅಲ್ಲಿ ಹೊಸ ನಿಯಮ ಬಂದಿದೆ: ಹಿಂದಿನ 12 ತಿಂಗಳಲ್ಲಿ 1,000 ಸಲವಾದರೂ ಕೇಳಲ್ಪಡದ ಹಾಡಿಗೆ ಧ್ವನಿಮುದ್ರಣದ ಗೌರವಧನವಿಲ್ಲ. ಮೊತ್ತ ಸಣ್ಣದೇ. ಆದರೆ ಸರಕು ತಲುಪಿಸಿದ ಮೇಲೆ, ‘ನಿಮ್ಮ ಬಿಲ್ಲು ಚಿಕ್ಕದು, ಪಾವತಿಸುವುದಿಲ್ಲ’ ಎಂದು ದೊಡ್ಡ ಗಿರಾಕಿ ಹೇಳಿದರೆ ನಮ್ಮಲ್ಲಿ ಯಾರು ಸುಮ್ಮನಿರುತ್ತಾರೆ?

ಬ್ಯಾಂಡ್‌ಕ್ಯಾಂಪ್ ಇದಕ್ಕಿಂತ ಪ್ರಾಮಾಣಿಕ ಸಂತೆ ಎನ್ನಬಹುದು. 2008ರಲ್ಲಿ ಆರಂಭವಾದ ಈ ತಾಣದಲ್ಲಿ ಕಲಾವಿದರೇ ಬೆಲೆ ಹಾಕುತ್ತಾರೆ. ಕಡತ ಮಾರಿದರೆ ಶೇ. 15, ತಟ್ಟೆಯಂಥ ವಸ್ತು ಮಾರಿದರೆ ಶೇ. 10 ತಾಣದ ಕಮಿಷನ್. 2020ರ ಮಾರ್ಚಿಯಿಂದ ಕೆಲವು ಶುಕ್ರವಾರಗಳಂದು ಆ ಕಮಿಷನ್ನನ್ನೂ ಬಿಟ್ಟುಕೊಡುವ ಪದ್ಧತಿ ತಂದರು. ನನ್ನ ಖರೀದಿಗಳನ್ನು ಆ ಶುಕ್ರವಾರಗಳಿಗೇ ಎತ್ತಿಡುತ್ತೇನೆ. ಆದರೆ ಸಂತೆಯ ಜಾಗವೂ ಯಾರದೋ ಆಸ್ತಿ. 2022ರಲ್ಲಿ ಎಪಿಕ್ ಗೇಮ್ಸ್ ಎಂಬ ಆಟಗಳ ಕಂಪನಿ ಇದನ್ನು ಕೊಂಡಿತು. 2023ರಲ್ಲಿ ಸಾಂಗ್‌ಟ್ರೇಡರ್ ಎಂಬವರಿಗೆ ಮಾರಿತು. ಆ ವೇಳೆಗೆ ಸಿಬ್ಬಂದಿಯಲ್ಲಿ ಸುಮಾರು ಅರ್ಧದಷ್ಟು ಮಂದಿ ಕೆಲಸ ಕಳೆದುಕೊಂಡರು. ಅಂಗಡಿ ಹಾಕಿಕೊಂಡ ಕಲಾವಿದರನ್ನು ಯಾರೂ ಕೇಳಲಿಲ್ಲ.

ಸಿಂಡಿ ಲೀ ಹಳೆಯ ಮಾದರಿಯ ಸ್ವಂತ ಪುಟವನ್ನು ಆರಿಸಿಕೊಂಡದ್ದು ಈ ಹಿನ್ನೆಲೆಯಲ್ಲಿ ಬರಿಯ ವಿಲಕ್ಷಣತೆಯಾಗಿ ನನಗೆ ಕಾಣುವುದಿಲ್ಲ. ಕೊಡುವವರು ಕೊಟ್ಟದ್ದು ನೇರವಾಗಿ ತಯಾರಕರಿಗೆ ಸೇರುತ್ತದೆ. ಯಾರು ನಿಯಮ ಬದಲಿಸಿದರೂ ಆ ಪುಟಕ್ಕೆ ತಟ್ಟುವುದಿಲ್ಲ. ಕೇಳುಗರು ಮಾತ್ರ ಅಷ್ಟಕ್ಕೇ ತೃಪ್ತರಾಗಲಿಲ್ಲ, ತಟ್ಟೆ ಬೇಕೆಂದರು. ಆಗ ಒಂದು ಸ್ವತಂತ್ರ ಕಂಪನಿ ಮುಂದೆ ಬಂದು ಮೂರು ಎಲ್‌ಪಿಗಳ ಕಟ್ಟಾಗಿ ಅದನ್ನು ಹೊರತರಬೇಕಾಯಿತು. ಅಂದರೆ ಮತ್ತೆ ಕೊರೆಯುವವರು, ನಿಕಲ್ ತೊಟ್ಟಿ, ಪಿವಿಸಿ, ಸರದಿ, ವಿತರಕ. ಹಾಡು ಮಾರ್ಚಿಯಲ್ಲಿ ಬಂದಿತ್ತು. ತಟ್ಟೆ ಕೈಗೆ ಬರಲು ಎಷ್ಟೋ ತಿಂಗಳುಗಳು ಹಿಡಿದವು.